ಎರಡನೇ ಸಲ ಬಂದ ಮೊದಲ ಪೀಸ್

"ಸಾರ್, ಎರಡು ನಿಮಿಷ ಮಾತಾಡ್ಬೇಕಿತ್ತು" ಅಂತ ಯಾರಾದರೂ ನನ್ನ ಮೇಜಿನ ಹತ್ತಿರ ಬಂದು ನಿಂತರೆ ನಾನು ಮೊದಲು ಅವರ ಕೈಯಲ್ಲಿ ಲಕೋಟೆ ಇದೆಯಾ ಅಂತ ನೋಡುತ್ತೇನೆ. ರಜೆ ಬೇಕಾದವರು ಹೀಗೆ ಕೇಳುವುದಿಲ್ಲ, ಮೊಬೈಲಿನಲ್ಲಿ ಮೆಸೇಜು ಹಾಕಿ ಸುಮ್ಮನಾಗುತ್ತಾರೆ. ಜಗಳ ಇರುವವರು ನೇರವಾಗಿ ಜಗಳಕ್ಕೇ ಬರುತ್ತಾರೆ. ಎರಡು ನಿಮಿಷ ಕೇಳುವವರು ಕೆಲಸ ಬಿಡುವವರು. ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಡಿಸೈನರ್‌ಗಳಲ್ಲೇ ಚುರುಕಾದ ಹುಡುಗಿ ಹಾಗೆ ಬಂದು ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ನಾನು "ಮದುವೆ ಏನಮ್ಮ?" ಅಂದೆ. ಮದುವೆಯಾದರೆ ಅದರಲ್ಲಿ ನನ್ನ ತಪ್ಪೇನೂ ಇರುವುದಿಲ್ಲವಲ್ಲ, ಆ ಆಸೆ.

"ಅಲ್ಲ ಸಾರ್. ಪೇಪರ್ ಹಾಕ್ತಿದೀನಿ."

"ಎಲ್ಲಿಗೆ?"

"ಇನ್ನೂ ಎಲ್ಲಿಗೂ ಇಲ್ಲ."

ಇದು ಇನ್ನೂ ಕೆಟ್ಟದು. ಬೇರೆ ಕಡೆ ಹೆಚ್ಚು ಕೊಡುತ್ತಾರೆ ಅಂತ ಹೋಗುವವರನ್ನು ಹಿಡಿಯುವುದಕ್ಕೆ ಒಂದಾದರೂ ಹಗ್ಗ ಇರುತ್ತದೆ. ಎಲ್ಲಿಗೂ ಹೋಗದೆ ಬಿಡುವವರಿಗೆ ಏನು ಹೇಳುವುದು?

ಅವಳ ಕಾರಣ ಅರ್ಥವಾಗಬೇಕಾದರೆ ನಮ್ಮ ಕೆಲಸ ಏನು ಅಂತ ಗೊತ್ತಿರಬೇಕು. ನಮ್ಮದು ತಗಡು ಬಗ್ಗಿಸುವ ಕಂಪನಿ. ಎರಡು ಉಕ್ಕಿನ ಅಚ್ಚುಗಳ ನಡುವೆ ತಗಡಿಟ್ಟು ಪ್ರೆಸ್ಸಿನಲ್ಲಿ ಒತ್ತಿದರೆ ಅದು ಕಾರಿನ ಯಾವುದೋ ಭಾಗವೋ ಸ್ಕೂಟರಿನ ಯಾವುದೋ ಪೆಟ್ಟಿಗೆಯೋ ಆಗಿ ಹೊರಗೆ ಬೀಳುತ್ತದೆ. ಆ ಅಚ್ಚಿಗೆ ಡೈ ಅನ್ನುತ್ತಾರೆ. ಡೈ ಹೇಗಿರಬೇಕು ಅಂತ ಕಂಪ್ಯೂಟರಿನಲ್ಲಿ ಬರೆಯುವವರು ನಾವು. ಅದನ್ನು ಉಕ್ಕಿನಲ್ಲಿ ತಂದು, ತಿಕ್ಕಿ, ಪ್ರೆಸ್ಸಿಗೆ ಕೂರಿಸುವವರು ಫಿಟ್ಟರ್‌ಗಳು. ಮುಂಚೆ ಎಲ್ಲರೂ ಪೀಣ್ಯದಲ್ಲಿ ಒಂದೇ ಶೆಡ್ಡಿನಲ್ಲಿದ್ದೆವು. ಪ್ರೆಸ್ ಶಾಪಿನ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ನಮ್ಮ ಕೋಣೆ. ದೊಡ್ಡ ಪ್ರೆಸ್ಸು ಬಿದ್ದಾಗೆಲ್ಲ ಲೋಟದಲ್ಲಿ ಕಾಫಿ ಬೆಚ್ಚಿಬೀಳುತ್ತಿತ್ತು. ಆ ಸದ್ದಿಗೆ ನನ್ನ ಒಂದು ಕಿವಿ ಮಂದವಾಯಿತು ಅಂತ ಹೆಂಡತಿ ಹೇಳುತ್ತಾಳೆ. ಅವಳು ಮಾತಾಡುವ ಕಡೆಯದೇ ಕಿವಿ ಯಾಕೆ ಮಂದವಾಯಿತು ಅಂತಲೂ ಕೇಳುತ್ತಾಳೆ.

ಅಲ್ಲೊಂದು ಪದ್ಧತಿ ಇತ್ತು. ಹೊಸ ಡೈ ಮೊದಲ ಸಲ ಪ್ರೆಸ್ಸು ಹತ್ತುವ ದಿನ ಅದನ್ನು ಬರೆದವರು ಕೆಳಗೆ ಬಂದು ನಿಲ್ಲಲೇಬೇಕು. ನಿಂಬೆಹಣ್ಣು ಕೊಯ್ದು, ಊದುಬತ್ತಿ ಹಚ್ಚಿ, ಒಂದು ಪೀಸ್ ಹೊಡೆಯುತ್ತಿದ್ದರು. ಪೀಸ್ ನೆಟ್ಟಗೆ ಬಂದರೆ ಫಿಟ್ಟರ್‌ಗಳ ಕಡೆಯಿಂದ ಟೀ. ಹರಿದು ಬಂದರೆ ಬರೆದವರು ಇಡೀ ಶಾಪಿಗೆ ಬೋಂಡಾ ಕೊಡಿಸಬೇಕು. ನಾನು ಕೊಡಿಸಿದ ಬೋಂಡಾಗಳಲ್ಲೇ ಗೇಟಿನ ಎದುರಿನ ಅಂಗಡಿಯವನು ಮೇಲೊಂದು ಮಹಡಿ ಕಟ್ಟಿಸಿದ ಅಂತ ಫಿಟ್ಟರ್‌ಗಳು ಆಡಿಕೊಳ್ಳುತ್ತಿದ್ದರು. ಪ್ರೆಸ್ಸು ಇಳಿಯುವ ಆ ಗಳಿಗೆಯಲ್ಲಿ ನನಗೆ ಉಸಿರೇ ಆಡುತ್ತಿರಲಿಲ್ಲ. ಚಿಂತೆ ನನ್ನ ಹುಟ್ಟುಗುಣ. ಆದರೆ ಅದೊಂದು ಚಿಂತೆಗೆ ಮಾತ್ರ ಕೊನೆಯಲ್ಲಿ ಕೈಯಲ್ಲಿ ಹಿಡಿಯುವಂಥ ಉತ್ತರ ಸಿಗುತ್ತಿತ್ತು.

ಆಮೇಲೆ ಗ್ರಾಹಕರು ಬಂದಾಗ ಕೂರಿಸುವುದಕ್ಕೆ ಲಕ್ಷಣವಾದ ಜಾಗ ಬೇಕು ಅಂತ ಡಿಸೈನ್ ವಿಭಾಗವನ್ನಷ್ಟೇ ಎತ್ತಿ ವೈಟ್‌ಫೀಲ್ಡಿನ ಗಾಜಿನ ಕಟ್ಟಡಕ್ಕೆ ತಂದರು. ಈ ತುದಿಯಲ್ಲಿ ಬರೆಯುವವರು, ಆ ತುದಿಯಲ್ಲಿ ಮಾಡುವವರು, ನಡುವೆ ಇಡೀ ಬೆಂಗಳೂರು. ಇಲ್ಲಿ ಕಾಫಿ ಬೆಚ್ಚಿಬೀಳುವುದಿಲ್ಲ. ಕೇರಂ ಬೋರ್ಡ್ ಇದೆ. ಡೈರೆಕ್ಟರ್ ಸಾಹೇಬರ ಕೋಣೆಯ ಎದುರಿಗೇ ಇರುವುದರಿಂದ ಅದರ ಪೌಡರ್ ಡಬ್ಬಿಯ ಸೀಲು ಇನ್ನೂ ಒಡೆದಿಲ್ಲ.

ಹುಡುಗಿ ಪೀಣ್ಯದಲ್ಲಿ ಕೆಲಸ ಕಲಿತು ನಮ್ಮ ಜೊತೆ ಇಲ್ಲಿಗೆ ಬಂದವಳು. ಅಂದು ಕ್ಯಾಂಟೀನಿನ ಮೂಲೆಯಲ್ಲಿ ಕೂತು ಹೇಳಿದಳು: "ಇಲ್ಲಿಗೆ ಬಂದ್ಮೇಲೆ ನಾನು ಬರೆದಿದ್ದು ಒಂದನ್ನೂ ಕಣ್ಣಾರೆ ನೋಡಿಲ್ಲ ಸಾರ್. ಬರೀತೀನಿ, ಕಳಿಸ್ತೀನಿ, ಸ್ಕ್ರೀನ್ ಮೇಲೆ ಹಸಿರು ಟಿಕ್ ಬರುತ್ತೆ, ಮುಂದಿನ ಕೆಲಸ ಬರುತ್ತೆ. ಅದು ಹರೀತಾ, ನಿಂತಿತಾ, ಯಾವ ಗಾಡಿಗೆ ಹೋಯ್ತು, ಏನೂ ಗೊತ್ತಾಗಲ್ಲ. ಬಾವಿಗೆ ಕಲ್ಲು ಹಾಕಿದ್ರೂ ಡುಬುಕ್ ಅಂತ ಸದ್ದಾದ್ರೂ ಬರುತ್ತಲ್ವಾ?"

ಎಚ್‌ಆರ್ ಮೇಡಂಗೆ ಈ ಬಾವಿ, ಕಲ್ಲು ಎಲ್ಲ ಇಳಿಯಲಿಲ್ಲ. "ಸ್ಯಾಲರಿ ಪ್ರಾಬ್ಲಂ ಇರ್ಬೇಕು" ಅಂದರು. ಏಪ್ರಿಲ್‌ನಲ್ಲಷ್ಟೇ ಏರಿಸಿದ್ದೀವಿ ಅಂದೆ. "ಹಾಗಾದ್ರೆ ಟ್ರಾಫಿಕ್ಕು." ಅವಳು ಇರುವುದು ಹೂಡಿಯಲ್ಲಿ, ಮೆಟ್ರೋ ಹತ್ತಿದರೆ ಕೂರುವುದರೊಳಗೆ ಆಫೀಸು ಅಂದೆ. ಮೇಡಂ ಪೆನ್ನು ಕೆಳಗಿಟ್ಟು, ರೋಗಿಯ ಮನೆಯವರನ್ನು ನೋಡುವ ಡಾಕ್ಟರ ಹಾಗೆ ನನ್ನನ್ನು ನೋಡಿದರು. "ಅಂದ್ರೆ ಸಾರ್, ಉಳಿದಿದ್ದು ಮ್ಯಾನೇಜರ್."

ಉಳಿದಿದ್ದು ನಾನು. ಅವತ್ತಿನಿಂದ ನನ್ನ ಮುಖದಲ್ಲೇ ಏನೋ ಕೊರತೆ ಇದೆಯೇನೋ ಅಂತ ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಳ್ಳಲು ಶುರುಮಾಡಿದೆ. ಬೆಳಗಿನ ಕಾಫಿಯ ಹೊತ್ತಿಗೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ದಾವಣಗೆರೆ ಕಡೆಯವಳು, ಸುತ್ತು ಹಾಕಿ ಮಾತಾಡುವ ಅಭ್ಯಾಸವಿಲ್ಲ.

"ಆ ಹುಡುಗೀನ ಕರಕೊಂಡು ಹೋಗಿ ಅದನ್ನ ತೋರಿಸ್ಕೊಂಡು ಬರ್ರಿ. ಅಷ್ಟೇ ಅಲ್ಲೇನ್ರಿ? ಇದಕ್ಕ್ಯಾಕೆ ಇಷ್ಟು ಮಾರಿ ಸಣ್ಣ ಮಾಡ್ಕೊಂಡು ಕುಂತೀರಿ?"

"ಅಷ್ಟು ಸುಲಭ ಇಲ್ಲ ಮಾರಾಯ್ತಿ."

"ನಾ ಮಾಡಿದ ರೊಟ್ಟಿ ಯಾರು ತಿಂದ್ರು, ಹೆಂಗಿತ್ತು ಅಂತ ಗೊತ್ತಾಗ್ಲಿಲ್ಲ ಅಂದ್ರ ನಾನೂ ಬಿಡ್ತೀನಿ ಅಡಿಗಿ. ನೀವು ಫೋನ್ ನೋಡ್ಕೋತ ತಿನ್ನೋದು ನೋಡಿದ್ರ ಆ ದಿನ ಭಾಳ ದೂರ ಇಲ್ಲ."

ಅವಳ ಮಾತೇ ಸರಿ ಅನ್ನಿಸಿತು. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಕೂರುವ ಪೆಟ್ಟಿಗೆಗೆ ಹುಡುಗಿ ಬರೆದಿದ್ದ ಡೈ ಪೀಣ್ಯದಲ್ಲಿ ತಯಾರಾಗುತ್ತಿತ್ತು. ಅದರ ಮೊದಲ ಪೀಸಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ಪೇಪರ್ ಹಾಕಬೇಡ ಅಂದೆ. ಅವಳ ಮುಖ ಅರಳಿತು. "ಹರಿದ್ರೆ ಬೋಂಡಾ ನಂದೇ ಸಾರ್. ಅಂಗಡಿ ಇದ್ಯಾ ಇನ್ನೂ?"

ನಾನು ಅಷ್ಟಕ್ಕೆ ನಿಲ್ಲಿಸಿ ಒಂದು ದಿನ ಇಬ್ಬರೂ ರಜೆ ಹಾಕಿ ಮೆಟ್ರೋ ಹತ್ತಿಬಿಡಬೇಕಿತ್ತು. ನನ್ನಂಥವನಿಗೆ ಅದು ಆಗುತ್ತದೆಯೇ? ಗೇಟಿನಲ್ಲಿ ತಡೆದರೆ? ಅಲ್ಲಿ ಅವಳ ಕಾಲ ಮೇಲೆ ಏನಾದರೂ ಬಿದ್ದರೆ? ಅನುಮತಿ ಕೇಳಿ ಮೇಲಿನವರಿಗೆ ಪತ್ರ ಬರೆದೆ. ಒಪ್ಪಿಕೊಳ್ಳಲಿ ಅಂತ ಅದರಲ್ಲಿ ಮೋಟಿವೇಶನ್ ಅನ್ನುವ ಪದವನ್ನೂ ಸೇರಿಸಿದೆ. ಆ ಪದ ಕಂಡಿದ್ದೇ ತಡ, ನನ್ನ ಪತ್ರ ಮಹಡಿ ಮಹಡಿ ಹತ್ತಿ, ಇಳಿಯುವಾಗ ಹಬ್ಬವಾಗಿ ಇಳಿಯಿತು. 'ಫಸ್ಟ್ ಪೀಸ್ ಸಂಭ್ರಮ' ಅಂತ ಹೆಸರಿಟ್ಟರು. ಬ್ಯಾನರು, ಕೇಕು, ಫೋಟೋಗ್ರಾಫರು, ಒಂದೇ ಬಣ್ಣದ ಟೀಶರ್ಟು. ಡೈರೆಕ್ಟರ್ ಸಾಹೇಬರೇ ಬರುತ್ತಾರಂತೆ.

ಆ ದಿನ ಬಸ್ಸಿನಲ್ಲಿ ಎಲ್ಲರನ್ನೂ ತುಂಬಿಕೊಂಡು ಹೊರಟೆವು. ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ ಕೇಕಿನ ಕೆನೆ ಕರಗುತ್ತದೇನೋ ಅಂತ ನಾನು ಡಬ್ಬಿಯ ಮೇಲೆ ಏಸಿ ಗಾಳಿ ತಿರುಗಿಸುತ್ತಾ ಕೂತಿದ್ದೆ. ಹುಡುಗಿ ತನ್ನ ಹಳೆಯ ಸೇಫ್ಟಿ ಶೂ ಹಾಕಿಕೊಂಡು ಬಂದಿದ್ದಳು. ದಾರಿಯುದ್ದಕ್ಕೂ ಆ ಪೆಟ್ಟಿಗೆಯ ಒಂದು ಮೂಲೆಯ ಬಗ್ಗೆಯೇ ಮಾತು. ಅಲ್ಲಿ ತಗಡು ಎರಡು ಕಡೆ ಮಡಿಸಿಕೊಳ್ಳುತ್ತದೆ, ಹರಿಯುವುದಾದರೆ ಅಲ್ಲೇ ಹರಿಯಬೇಕು. ಆದರೆ ಆ ಮೂಲೆ ಚೂಪಾಗಿರದಿದ್ದರೆ ಮುಚ್ಚಳ ಕೂರುವುದಿಲ್ಲ. "ಫಿಫ್ಟಿ ಫಿಫ್ಟಿ ಸಾರ್" ಅನ್ನುತ್ತಿದ್ದಳು, ಪರೀಕ್ಷೆಯ ರಿಸಲ್ಟಿಗೆ ಹೊರಟವಳ ಹಾಗೆ.

ಶಾಪಿನಲ್ಲಿ ಬ್ಯಾನರ್ ಕಟ್ಟಿದ್ದರು. ಭಾಷಣವಾಯಿತು. ಸಾಹೇಬರು ಹಸಿರು ಗುಂಡಿ ಒತ್ತಿದರು. ಪ್ರೆಸ್ಸು ಇಳಿಯಿತು, ನನ್ನ ಉಸಿರು ಹಳೆಯ ಅಭ್ಯಾಸದಂತೆ ನಿಂತಿತು, ಪ್ರೆಸ್ಸು ಎದ್ದಿತು. ಪೆಟ್ಟಿಗೆ ಥಳಥಳ ಅಂತ ಹೊರಗೆ ಬಂತು. ಎಲ್ಲೂ ಹರಿದಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು.

ಹುಡುಗಿ ಗ್ಲೌಸ್ ಹಾಕಿಕೊಂಡು ಪೀಸನ್ನು ತಿರುಗಿಸಿ ನೋಡಿದಳು. ಆ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದಳು. ಪ್ರೆಸ್ಸನ್ನು ಬಂದ್ ಮಾಡಿಸಿ, ಬಗ್ಗಿ ಡೈ ಒಳಗೆ ಇಣುಕಿದಳು. ಎದ್ದು ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು: "ಸಾರ್, ಇದು ಮೊದಲ ಪೀಸ್ ಅಲ್ಲ. ಡೈ ಒಳಗೆ ತಗಡು ಉಜ್ಜಿರೋ ಹೊಳಪು ಒಂದೇ ಹೊಡೆತದ್ದಲ್ಲ. ಮೂಲೆ ದುಂಡಗೆ ತಿಕ್ಕಿದ್ದಾರೆ."

ನಾನು ಶಾಪಿನ ಮ್ಯಾನೇಜರ ಮುಖ ನೋಡಿದೆ. ಅವರು ನನ್ನನ್ನು ಕಂಬದ ಹಿಂದಕ್ಕೆ ಎಳೆದುಕೊಂಡು ಹೋದರು. "ನಿನ್ನೇನೇ ಹೊಡೆದು ನೋಡಿದ್ವಿ ಸಾರ್. ಸಾಹೇಬ್ರ ಮುಂದೆ ಹರಿದು ಬಂದಿದ್ರೆ ನಮ್ಮ ಗತಿ ಏನ್ ಹೇಳಿ?" ಅವರ ಜಾಗದಲ್ಲಿ ನಾನಿದ್ದರೆ ಮೊನ್ನೆಯೇ ಒಂದು ಸಲ, ನಿನ್ನೆ ಒಂದು ಸಲ ಹೊಡೆಸಿ ನೋಡುತ್ತಿದ್ದೆ. ಹಾಗಾಗಿ ಬಯ್ಯುವುದಕ್ಕೂ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಹುಡುಗಿ ಹಿರಿಯ ಫಿಟ್ಟರನ್ನು ಹಿಡಿದು ನಿಲ್ಲಿಸಿದ್ದಳು. ಲಗ್ಗೆರೆಯವರು ಅವರು, ಅವಳಿಗೆ ಮೊದಲು ಉಕ್ಕು ತಿಕ್ಕುವ ಫೈಲು ಹಿಡಿಯುವುದು ಹೇಳಿಕೊಟ್ಟವರು.

"ನಿಜ ಹೇಳಣ್ಣ. ಮೊದಲು ಹೊಡೆದಾಗ ಹರೀತಲ್ವಾ?"

"ಅರೀತು ಕಣಮ್ಮ. ನೀನು ಬರ್ದಿದ್ ಮೂಲೇಲೇ ಅರೀತು. ಚರ್ ಅಂತು."

"ಮತ್ತೆ ನನ್ನ ಕೇಳ್ದೆ ಹೇಗೆ ತಿಕ್ಕಿದ್ರಿ?"

"ನಿನ್ನ ಕೇಳಾಕೆ ಎಲ್ಲಿದ್ದೆ ನೀನು? ವೈಟ್‌ಫೀಲ್ಡ್‌ಗೆ ಕೂಗು ಆಕಿದ್ರೆ ಕೇಳಿಸ್ತದಾ?"

"ಮುಚ್ಚಳ ಕೂರಲ್ಲಣ್ಣ ಈಗ."

"ಕೂರ್ತದೆ."

"ಕೂರಲ್ಲ. ಬೆಟ್ ಕಟ್ತೀರಾ?"

"ತಂದು ನೋಡು ಮತ್ತೆ!"

ಅವಳು ಓಡಿಹೋಗಿ ಮುಚ್ಚಳ ತಂದಳು. ಇಬ್ಬರೂ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಮುಚ್ಚಳ ಇಟ್ಟರು. ಮುಚ್ಚಳ ಒಂದು ಕಡೆ ಕೂತು, ಇನ್ನೊಂದು ಕಡೆ ಲಟಲಟ ಅಂತು. "ಇಂಗೆ ಬಿಟ್ರೆ ಲಟಲಟ, ಅಂಗೆ ಬಿಟ್ರೆ ಅರೀತದೆ. ಏನ್ಮಾಡನ?" ಅಂದರು ಫಿಟ್ಟರ್. ಅವಳು ಟೀಶರ್ಟಿನ ತುದಿಯಿಂದ ಮೂಲೆಯ ಎಣ್ಣೆ ಒರೆಸಿ, ತಗಡಿನ ಆ ಮೂಲೆಯನ್ನೇ ಮೊದಲು ಸ್ವಲ್ಪ ಕತ್ತರಿಸಿ ಆಮೇಲೆ ಡೈ ಒಳಗೆ ಇಟ್ಟರೆ ಹೇಗೆ ಅಂದಳು. ಅವರು ತಲೆ ಕೆರೆದುಕೊಂಡು ಕಬ್ಬಿಣದ ಚೂರಿನಿಂದ ನೆಲದ ಮೇಲೆ ಗೆರೆ ಎಳೆದರು. ನಾನೂ ಪ್ಯಾಂಟಿನ ಯೋಚನೆ ಬಿಟ್ಟು ಪಕ್ಕದಲ್ಲಿ ಕೂತೆ. ಹೀಗಲ್ಲ, ಇನ್ನೂ ಇಷ್ಟು ಒಳಗೆ ಅಂತ ನನ್ನದೂ ಒಂದು ಗೆರೆ ಎಳೆದೆ. ಅಷ್ಟು ಹೊತ್ತು ನನಗೆ ಕೇಕಿನ ನೆನಪಾಗಲಿಲ್ಲ, ಸಾಹೇಬರ ನೆನಪಾಗಲಿಲ್ಲ.

"ಸಾರ್, ಮೇಡಂ, ಎಲ್ರೂ ಬನ್ನಿ, ಕೇಕ್ ಕಟಿಂಗು!" ಅಂತ ಎಚ್‌ಆರ್ ಮೇಡಂ ಕರೆದರು. ಹುಡುಗಿಯ ಕೈಗೆ ಎಣ್ಣೆ ಮೆತ್ತಿತ್ತು. ತೊಳೆದುಕೊಂಡು ಬರುವಷ್ಟರಲ್ಲಿ ಸಾಹೇಬರಿಗೆ ಹೊತ್ತಾಯಿತು. ಹೊಸ ಗೆರೆಯಂತೆ ಇನ್ನೊಂದು ಪೀಸ್ ಹೊಡೆದು ನೋಡೋಣ ಅಂತ ಅವಳು ಬೇಡಿಕೊಂಡಳು. ಪ್ರೆಸ್ಸಿನ ಮೇಲೆ ಬೇರೆ ಕೆಲಸ ಕಾಯುತ್ತಿತ್ತು, ಆಗಲಿಲ್ಲ.

ವಾಪಸು ಬರುವಾಗ ಅವಳು ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತಳು. "ಸಾರ್, ನನ್ನ ಟೇಬಲ್ ಪೀಣ್ಯಕ್ಕೇ ಹಾಕ್ಸಿಕೊಡಿ. ಮೇಲಿನ ನಮ್ಮ ಹಳೇ ರೂಮು ಖಾಲಿ ಬಿದ್ದಿದೆ. ಪೇಪರ್ ಹಾಕಲ್ಲ, ಇರ್ತೀನಿ."

"ಹೂಡಿಯಿಂದ ದಿನಾ ಇಷ್ಟು ದೂರ ಹೋಗ್ತೀಯೇನಮ್ಮ?"

"ಹೋಗ್ತೀನಿ ಸಾರ್."

ಬೆಂಗಳೂರಿನಲ್ಲಿ ಒಬ್ಬ ಮನುಷ್ಯ ತಾನಾಗಿ ಬೇಡಿಕೊಂಡು ಪ್ರಯಾಣ ಹೆಚ್ಚು ಮಾಡಿಕೊಳ್ಳುವುದನ್ನು ನಾನು ಕಂಡಿದ್ದು ಅದೇ ಮೊದಲು. ಇಷ್ಟಕ್ಕೂ ಅವಳು ಕೇಳಿದ್ದು ಒಂದು ಮೇಜು. ಆಗಲಾರದ್ದೇನು ಅಂದುಕೊಂಡೆ.

ಪೀಣ್ಯದವರ ಗ್ರೇಡೇ ಬೇರೆ, ಡಿಸೈನಿನವರದ್ದೇ ಬೇರೆ, ಅಲ್ಲಿ ಕೂರಿಸಿದರೆ ಇವಳ ಗ್ರೇಡು ಇಳಿಯುತ್ತದೆ ಅಂದರು ಎಚ್‌ಆರ್ ಮೇಡಂ. ಅವಳು ಬರೆಯುವ ಸಾಫ್ಟ್‌ವೇರಿನ ಲೈಸೆನ್ಸು ವೈಟ್‌ಫೀಲ್ಡಿನ ವಿಳಾಸಕ್ಕೆ ಮಾತ್ರ ಅಂದರು ಕಂಪ್ಯೂಟರಿನವರು. ಕೊನೆಗೆ ಸಾಹೇಬರ ಹತ್ತಿರವೇ ಹೋದೆ. "ಒಬ್ಬರಿಗೆ ಕೊಟ್ರೆ ಎಲ್ಲರೂ ಕೇಳ್ತಾರೆ ಕಣ್ರೀ" ಅಂದರು.

"ಕೇಳಲಿ ಸಾರ್, ಒಳ್ಳೇದಲ್ವಾ?" ಅಂದೆ. ಆಫೀಸಿನಲ್ಲಿ ನಾನು ಆಡಿದ ಅತಿ ಧೈರ್ಯದ ಮಾತು ಅದು. ದನಿ ಮಾತ್ರ ಸೊಳ್ಳೆಯ ಹಾಗೆ ಬಂತು. ಸಾಹೇಬರು ಜೋಕು ಅಂದುಕೊಂಡು ನಕ್ಕು, ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ಹುಡುಗಿಗೆ ಹೇಳಲು ಮತ್ತೆ ಕ್ಯಾಂಟೀನಿನ ಅದೇ ಮೂಲೆಗೆ ಕರೆದೆ. ನಾನು ಮಾತು ಶುರುಮಾಡುವ ಮೊದಲೇ ಅವಳು "ಬಿಡಿ ಸಾರ್, ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ" ಅಂದಳು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಅಂದು ಸಂಜೆಯೇ ಪೇಪರ್ ಹಾಕಿದಳು. ಈಗ ಪೀಣ್ಯ ಎರಡನೇ ಹಂತದಲ್ಲಿ ಡೈ ಮಾಡುವ ಒಂದು ಸಣ್ಣ ಟೂಲ್ ರೂಮಿನಲ್ಲಿದ್ದಾಳೆ. ಪ್ರೆಸ್ಸಿನ ಪಕ್ಕದಲ್ಲೇ ಮೇಜಂತೆ. ನಮ್ಮ ಕಡತದಲ್ಲಿ ಅವಳು ಕೆಲಸ ಬಿಟ್ಟ ಕಾರಣದ ಜಾಗದಲ್ಲಿ 'ಉತ್ತಮ ಅವಕಾಶ' ಅಂತ ಬರೆದಿದ್ದಾರೆ.

ಸಂಭ್ರಮ ಮಾತ್ರ ಮೇಲಿನವರಿಗೆ ಬಹಳ ಹಿಡಿಸಿತು. ಇನ್ನು ಮೇಲೆ ಮೂರು ತಿಂಗಳಿಗೊಮ್ಮೆಯಂತೆ. ಅದಕ್ಕೊಂದು ಸಮಿತಿ, ಐಡಿಯಾ ನನ್ನದಾದ್ದರಿಂದ ಅಧ್ಯಕ್ಷ ನಾನೇ. ಮೊದಲ ಸಭೆಯಲ್ಲಿ ನಾನು ಕೇಳಿದ್ದು ಒಂದೇ: ಹಿಂದಿನ ದಿನ ಹೊಡೆದು ನೋಡುವುದು ಬೇಡ. ಹರಿದರೆ ಹರಿಯಲಿ, ಬರೆದವರು ಅಲ್ಲೇ ಇರುತ್ತಾರಲ್ಲ.

ಎಚ್‌ಆರ್ ಮೇಡಂ ನಿಜವಾಗಿಯೂ ಅರ್ಥವಾಗದೆ ಕೇಳಿದರು: "ಹರಿದ ಪೀಸ್ ಹಿಡ್ಕೊಂಡು ಫೋಟೋ ಹೇಗೆ ಸಾರ್ ತೆಗೆಸೋದು?"

ಆ ದಿನದ ಫೋಟೋಗಳಲ್ಲಿ ಒಂದರಲ್ಲಿ ನಾವು ಮೂವರೂ ಇದ್ದೇವೆ: ಫಿಟ್ಟರು, ಹುಡುಗಿ, ನಾನು, ನೆಲದ ಮೇಲೆ ಬಗ್ಗಿಕೊಂಡು, ಬೆನ್ನು ಮಾತ್ರ ಕಾಣುವ ಹಾಗೆ. ಮುಖ ಕಾಣುವುದಿಲ್ಲ ಅಂತ ಅದನ್ನು ಎಲ್ಲೂ ಹಾಕಲಿಲ್ಲ. ಹೀಗೆ ತೆಗೆಸಬಹುದು ಮೇಡಂ ಅಂತ ಅದನ್ನು ಫೋನಿನಲ್ಲಿ ತೋರಿಸಿದೆ. ಅವರು ಹಿಗ್ಗಿಸಿ, ತಿರುಗಿಸಿ ನೋಡಿ, "ಇದ್ರಲ್ಲಿ ಯಾರು ಸಾರ್ ಇರೋದು?" ಅಂತ ಕೇಳಿ ಫೋನು ವಾಪಸು ಕೊಟ್ಟು, ಕೇಕಿನ ವಿಷಯಕ್ಕೆ ಹೋದರು.