ಚಪ್ಪಾಳೆ ಸ್ವಿಚ್ಚು

ಗೆಳೆಯರೇ, ಇಂದು ಬೆಳಿಗ್ಗೆ ನಮ್ಮ ನಡುಮನೆಯ ಬಲ್ಬು ಯಾರೂ ಚಪ್ಪಾಳೆ ತಟ್ಟದೆ ಹೊತ್ತಿಕೊಂಡಿತು. ಚಪ್ಪಾಳೆ ಕೇಳಿ ದೀಪ ಹಚ್ಚುವ ಸ್ವಿಚ್ಚನ್ನು ಚಿನ್ನದ ಗಣಿಯ ಊರಿಗಾಂನಲ್ಲಿ ಕಾರ್ಮಿಕರ ಸಾಲುಮನೆಗಳಾದ ಲೈನಿನ ಈ ಹಳೆಯ ಮನೆಗೆ ನಿನ್ನೆಯಷ್ಟೇ ಕೂರಿಸಿದವನು ಐಟಿಐ ಓದುವ ನನ್ನ ತಮ್ಮ.

"ಯಾರ್ಲಾ ತಟ್ಟಿದ್ದು?" ಎಂದು ಅಮ್ಮ ಕೇಳುವಾಗ ಕಾಲಡಿಯ ನೆಲ ಇನ್ನೂ ಅದುರುತ್ತಿತ್ತು. ಗಣಿಯ ಆಳದಲ್ಲಿ ಒತ್ತಡಕ್ಕೆ ಬಂಡೆ ತಾನಾಗಿ ಸಿಡಿದಿತ್ತು.

"ಅಯ್ಯೋ, ನಿಮ್ಮಪ್ಪ ಒಳಗವ್ರೆ!" ಅಮ್ಮ ಬರಿಗಾಲಲ್ಲೇ ಓಡಿದಳು. ಹಿಂದೆ ನಾವು. ಗಣಿಯ ಗೇಟಿನ ಮುಂದೆ ಇಡೀ ಲೈನಿನ ಹೆಂಗಸರು ನಿಂತಿದ್ದರು.

ಕೊನೆಗೂ ಅಪ್ಪ ಮೇಲೆ ಬಂದರು. "ನಮ್ ಕಡೆ ಏನೂ ಆಗ್ಲಿಲ್ಲ, ನಡೀರಿ."

ತಮ್ಮನಿಗೋ ಹೆಮ್ಮೆ. "ಅಪ್ಪಾ, ನನ್ ಸ್ವಿಚ್ಚಿಗೆ ಬಂಡೆ ಸಿಡ್ದಿದ್ದೂ ಕೇಳುಸ್ತು!"

"ಅಂಗಾದ್ರೆ ಕಂಪ್ನಿಗೇ ಮಾರ್ಲಾ" ಎಂದು ಅಪ್ಪ ನಕ್ಕರು. ಅಮ್ಮ ನಗಲಿಲ್ಲ.

ಸಂಜೆ ಪಕ್ಕದ ಮನೆಯಲ್ಲಿ ಬಿಂದಿಗೆ ಬಿತ್ತು. ಬಲ್ಬು ಹೊತ್ತಿತು. ಅಪ್ಪ ಎದುರಿಗೇ ಕಾಫಿ ಕುಡಿಯುತ್ತ ಕೂತಿದ್ದರೂ ಅಮ್ಮ ಬಾಗಿಲು ದಾಟಿ ಓಡಿಬಿಟ್ಟಿದ್ದಳು.

ತಮ್ಮನಿಗೆ ಹೇಳಿಲ್ಲ. ನಾಳೆ ಅವನು ಬಂಗಾರಪೇಟೆಯ ರೈಲು ಹತ್ತಿದ ಮೇಲೆ ಹಳೆಯ ಸ್ವಿಚ್ಚನ್ನೇ ಹಾಕಿಸುತ್ತೇನೆ. ನೆಲ ನಡುಗಿದರೆ ಇಲ್ಲಿ ನಮ್ಮ ಕಾಲಿಗೇ ಗೊತ್ತಾಗುತ್ತದೆ. ಅದಕ್ಕೆ ಕರೆಂಟು ಯಾಕೆ ದಂಡ?