"ಬರ್ತೇನಿ" ಎನ್ನದ ಮನೆ

ನಾನು ಮದುವೆಯಾಗಿ ಬಾದಾಮಿಯಿಂದ ಇಳಕಲ್ಲಿಗೆ ಬಂದ ಹೊಸತರಲ್ಲಿ, ಒಂದು ಬೆಳಿಗ್ಗೆ ನನ್ನ ಗಂಡ ಅಂಗಡಿಗೆ ಹೊರಟು ನಿಂತು "ಹೋಗ್ತೇನಿ" ಅಂದರು. ನಮ್ಮ ಕಡೆ ಕುಳಗೇರಿ ಕ್ರಾಸಿನ ತನಕ ಹೋಗುವವರೂ "ಬರ್ತೇನಿ" ಅಂತಲೇ ಹೊರಡುತ್ತಾರೆ. ಆ ಮಾತು ಹೇಳದೆ ಏಳುವುದು ಸತ್ತವರ ಮನೆಯಿಂದ ಮಾತ್ರ. ಗಂಡನನ್ನು ತಿದ್ದಲು ಹೋದರೆ ಅತ್ತೆ ನನ್ನ ಬಾಯಿಯ ಮೇಲೆ ಕೈಯಿಟ್ಟರು.

ಕಾರಣವನ್ನೂ ಅವರೇ ಹೇಳಿದರು. ಈ ಮನೆಯ ಹಿರಿಯರು ಕಾರವಾರದ ಕಡೆಯ ಕಡಲಿನಲ್ಲಿ ಹಡಗು ಸುಲಿಯುತ್ತಿದ್ದರಂತೆ. ಕಳ್ಳರಲ್ಲ ಎಂದು ಅತ್ತೆ ಒತ್ತಿ ಹೇಳಿದರು. ರಾಜನ ಪರವಾನಗಿ ಇತ್ತು, ಶತ್ರುವಿನ ಹಡಗನ್ನಷ್ಟೇ ಹಿಡಿಯಬೇಕು, ಸಿಕ್ಕಿದ್ದರಲ್ಲಿ ಅರಮನೆಗೂ ಪಾಲು. ಆಹಾ, ಎಂಥ ಮರ್ಯಾದಸ್ಥ ಕಳ್ಳತನ ಅಂದುಕೊಂಡೆ. ಒಮ್ಮೆ ಹಿಡಿದ ಹಡಗಿನ ಜನರನ್ನು ನೀರಿಗೆ ಬಿಟ್ಟು ಬಂದರು. ಮುಳುಗುವಾಗ ಅವರು ಕೂಗಾಡಲಿಲ್ಲವಂತೆ. ನಿಮ್ಮ ಮನೆಗೆ ಬರುತ್ತೇವೆ ಎಂದಷ್ಟೇ ಹೇಳಿದರಂತೆ. ಆಮೇಲೆ ಮನೆತನವೇ ಘಟ್ಟ ಹತ್ತಿ, ಉಪ್ಪುಗಾಳಿ ಸೋಕದ ಈ ಊರಿಗೆ ಬಂತು. ಬರುವ ಮಾತನ್ನು ಹೊಸ್ತಿಲಲ್ಲಿ ಯಾರೂ ಆಡಬಾರದು; ಆಡಿದವರ ಬೆನ್ನು ಹಿಡಿದು ಆ ಮುಳುಗಿದವರೂ ಬರುತ್ತಾರೆ.

ಸಮುದ್ರ ಎಲ್ಲಿ, ಇಳಕಲ್ ಎಲ್ಲಿ ಅಂತ ನಕ್ಕಿದ್ದೆ. ಆದರೂ ಇಷ್ಟು ವರ್ಷ ನಾಲಗೆ ಬಿಗಿಹಿಡಿದೇ ಬಾಳಿದೆ.

ಹೋದ ವರ್ಷ ನನ್ನ ಒಬ್ಬಳೇ ಮಗಳಿಗೆ ಕಾರವಾರದಲ್ಲೇ ಸರಕಾರಿ ನೌಕರಿ ಆಯಿತು. ಹೊರಡುವಾಗ ಹೊಸ್ತಿಲ ಮೇಲೆ ನಿಂತು, ನನ್ನ ಅಳುಮೋರೆ ನೋಡಿ, "ಬರ್ತೇನಿ ಬಿಡವ್ವಾ" ಅಂದುಬಿಟ್ಟಳು. ಅತ್ತೆ ಗೋಡೆ ಹಿಡಿದು ಕುಳಿತರು. ನನಗೋ, ಖರೆ ಹೇಳಬೇಕೆಂದರೆ, ಆ ಮಾತು ಕೇಳಿ ಹೊಟ್ಟೆ ತಣ್ಣಗಾಯಿತು.

ಆ ವಾರ ಕುಡಿಯುವ ನೀರು ಉಪ್ಪಾಯಿತು. ನಮ್ಮ ಬೋರಿನ ನೀರು ಮೊದಲೇ ಸವಳು ಅಂತ ಸುಮ್ಮನಾದೆ. ಆಮೇಲೆ ಮಗಳ ಮಾತು ಬದಲಾಯಿತು. ಫೋನಿನಲ್ಲಿ ಊಟ ಆಯಿತೇ ಅಂದರೆ "ಉಂಡ್ವಿ" ಅನ್ನುವಳು. ಯಾರ ಜೊತೆ ಅಂದರೆ, ಒಬ್ಬಳೇ ಅನ್ನುವಳು. ನಿದ್ದೆ ಬಂತೇ ಅಂದರೆ, "ನಿದ್ದಿ ಬರವಲ್ದು ನಮಗ." ತಿದ್ದಿದರೆ, ತಾನೇನು ತಪ್ಪು ಮಾತಾಡಿದೆ ಎಂದು ಕೇಳುವಳು. ದಸರೆಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ನಾನೇ ಬರುತ್ತೇನೆ ಅಂದರೆ ಬೇಡವೇ ಬೇಡ ಅಂದಳು. ಕಳಿಸಿದ ಫೋಟೋಗಳಲ್ಲಿ ಮುಖ ಸೊರಗಿತ್ತು, ಕೂದಲು ಯಾವಾಗಲೂ ಒದ್ದೆ. ಅವಳು ಒಮ್ಮೆ ಮನೆ ಸೇರಲಿ, ನನಗೆ ಬೇರೇನೂ ಬೇಕಿರಲಿಲ್ಲ.

ಮೊನ್ನೆ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ಅವಳ ಫೋನು ಬಂತು. ದನಿ ಬಹಳ ಕೆಳಗಿನಿಂದ ಬಂದಂತಿತ್ತು.

"ಅವ್ವಾ, ಇಲ್ಲಿ ಭಾಳ ಥಂಡಿ ಐತಿ. ಮನಿಗೆ ಬರ್ತೇವಿ. ಬರೂಣೇನು?"

ಪಕ್ಕದಲ್ಲೇ ಕುಳಿತಿದ್ದ ಅತ್ತೆ ನನ್ನತ್ತ ಕೈ ಮುಗಿದು, ಬೇಡವೆಂದು ತಲೆ ಅಲ್ಲಾಡಿಸಿದರು. ಬೇಡವೆಂದರೆ ಆ ಮುಳುಗಿದವರು ಬರುವುದಿಲ್ಲ, ಮಗಳೂ ಬರುವುದಿಲ್ಲ. ಎಷ್ಟು ಜನ ಅಂತ ನಾನು ಕೇಳಲಿಲ್ಲ.

"ಬರ್ರಿ" ಅಂದೆ.