ಸ್ಪಿತಿಯ ಏರಿನಲ್ಲಿ ಹೊಗೆಸೊಪ್ಪಿನ ವಾಸನೆ

ಆ ದಿನ ಬೆಳಿಗ್ಗೆ ಎಂದಿನಂತೆ ಟೆಂಟಿನ ಮೇಲಿನ ಧೂಳು ಕೊಡವಿ, ಪುಟ್ಟ ಒಲೆಯಲ್ಲಿ ನೀರು ಕಾಯಿಸಿ, ಮನೆಯಿಂದ ತಂದ ರಾಗಿ ಹುರಿಹಿಟ್ಟು ಕಲಸಿ ತಿಂದೆ. ಲೋಟ ಎರಡು ತಂದಿದ್ದೆ. ಯಾಕೆ ಎಂದು ಕೇಳಬೇಡಿ. ಚೀಲ ತುಂಬುವಾಗ ಕೈ ತಾನಾಗಿ ಎರಡು ತೆಗೆದಿತ್ತು. ಹಿಮಾಲಯದ ಮೇಲಿನ ಸ್ಪಿತಿಯ ಬೋಳು ಬೆಟ್ಟಗಳ ನಡುವೆ ಸೈಕಲ್ಲಿನಲ್ಲಿ ಒಬ್ಬಳೇ ಹೊರಟು ಅದು ನಾಲ್ಕನೆಯ ದಿನ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತೀರಿಹೋದವರು ಬಂದಿದ್ದರು, ಮಾತಾಡಿಸಿದರು ಅನ್ನುವ ಕಥೆಗಳನ್ನು ನಾನು ಯಾವತ್ತೂ ನಂಬಿದವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಓದಿದವಳು. ಮದುವೆಯಾಗಿ ಕಂಪಲಾಪುರದ ಹತ್ತಿರದ ಹಳ್ಳಿಗೆ ಬಂದ ಮೇಲೂ ಅಂಥ ಮಾತು ಬಂದರೆ ನಕ್ಕು ಒಳಗೆ ಹೋಗುತ್ತಿದ್ದೆ. ಈಗಲೂ ನಂಬಿದ್ದೇನೆ ಎನ್ನಲಾರೆ. ಆ ದಿನ ಆದದ್ದಕ್ಕೆ ಕಾರಣವನ್ನೂ ಹೇಳಲಾರೆ.

ನಮ್ಮ ಯಜಮಾನರದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಅವರು ಸೌದೆ ಉರಿಸಿ ಎಲೆ ಹದ ಮಾಡುವ ಮನೆ, ಬ್ಯಾರನ್, ಬಿಟ್ಟು ಕದಲುತ್ತಿರಲಿಲ್ಲ. ಬೆಂಕಿ ಹೆಚ್ಚುಕಡಿಮೆಯಾದರೆ ಎಲೆ ಹಾಳು. ಸೌದೆಯ ಹೊಗೆ, ಬೆಂದ ಎಲೆಯ ಸಿಹಿ ಘಾಟು. ಆ ವಾಸನೆ ಅವರ ಅಂಗಿಯಿಂದ ಹೋಗುತ್ತಲೇ ಇರಲಿಲ್ಲ. ಬಿಡುವಾದಾಗ ಇಬ್ಬರೂ ಸೈಕಲ್ ತುಳಿದು ನಮ್ಮ ಕಡೆಯ ಕೊಪ್ಪಕ್ಕೆ ಹೋಗಿ ಟಿಬೆಟಿನವರ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆವು. ಅಂಗಡಿಯ ಗೋಡೆಯ ಮೇಲೆ ಈ ಬೆಟ್ಟಗಳ ಚಿತ್ರವಿತ್ತು.

“ಒಂದು ಗಿಡಾನೂ ಇಲ್ವಲ್ಲೇ! ಅಲ್ಲಿಗೆ ಸೈಕಲ್ನಲ್ಲೇ ಓಗ್ಬೇಕು ಕಣೆ. ನಿನ್ ಕೈಲಿ ಆಗ್ದಿದ್ರೆ ನಾನ್ ತಳ್ತೀನಿ ಬುಡು,” ಅನ್ನುತ್ತಿದ್ದರು.

ಹೋದ ವರ್ಷ ಬ್ಯಾರನ್ ಮುಂದೆಯೇ ಎದೆ ಹಿಡಿದುಕೊಂಡು ಕುಸಿದರು. ಒಗೆಯದೆ ಇಟ್ಟಿದ್ದ ಅವರ ಅಂಗಿಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಆ ವಾಸನೆಯೂ ಉಳಿಯಲಿಲ್ಲ. ಅವತ್ತು ಅತ್ತಷ್ಟು ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ. ಅವರ ಆಸೆಯನ್ನಾದರೂ ತೀರಿಸೋಣವೆಂದು ಜೂನಿನಲ್ಲಿ ಹೊರಟೆ. ಮನೆಯ ಕೀಲಿ ಪಕ್ಕದ ಜಯಮ್ಮನಿಗೆ ಕೊಟ್ಟೆ. ಯಜಮಾನರು ಹೋದ ಮೇಲೆ ಬೀಗ ತೆಗೆಯದ ಬ್ಯಾರನ್ನಿನ ಕೀಲಿ ಮಾತ್ರ ಕೊಡಲು ಮನಸ್ಸಾಗದೆ ಜೊತೆಗೇ ತಂದಿದ್ದೆ.

ಆ ದಿನ ಮಧ್ಯಾಹ್ನದ ಏರು ನನ್ನ ಕೈಲಾಗಲಿಲ್ಲ. ಇಳಿದು ತಳ್ಳಿದೆ, ಉಸಿರು ಸಾಲದೆ ಬಂಡೆಗೊರಗಿ ಕೂತೆ. ಸಾಕು, ಕೆಳಗಿಳಿಯುವ ಲಾರಿ ಬಂದರೆ ಹತ್ತಿ ವಾಪಸು ಹೋಗುವುದೆಂದು ಸೈಕಲ್ ತಿರುಗಿಸುವಾಗ ಆ ವಾಸನೆ ಬಂತು. ಸೌದೆಯ ಹೊಗೆ, ಬೆಂದ ಸೊಪ್ಪು. ಸುತ್ತ ಮನೆಯಿಲ್ಲ, ಮರವಿಲ್ಲ, ಹೊಗೆಯಿಲ್ಲ. ಜಾಕೆಟ್ಟು, ಚೀಲ ಎಲ್ಲ ಮೂಸಿ ನೋಡಿದೆ, ಬರೀ ಧೂಳು. ಇಳಿಜಾರಿಗೆ ಮುಖ ಮಾಡಿದರೆ ವಾಸನೆ ಇಲ್ಲ, ಏರಿನ ಕಡೆ ತಿರುಗಿದರೆ ಇದೆ. ಅದರ ಹಿಂದೆಯೇ ತಳ್ಳುತ್ತಾ ಹೊರಟೆ. ಸೈಕಲ್ ಹಗುರವಾಗಿತ್ತೇ? ಗೊತ್ತಿಲ್ಲ. ತುದಿಯಲ್ಲಿ, ಬೌದ್ಧರು ಕಟ್ಟಿದ ಪ್ರಾರ್ಥನೆಯ ಬಾವುಟಗಳು ಪಟಪಟಿಸುವ ಕಡೆ, ವಾಸನೆ ನಿಂತುಹೋಯಿತು. “ಇರ್ರೀ,” ಎಂದು ಜೋರಾಗಿಯೇ ಕೂಗಿದೆ. ಗಾಳಿ ಬಿಟ್ಟರೆ ಏನಿಲ್ಲ.

ಸಂಜೆ ಆಚೆ ಕಡೆಯ ಊರು ಸೇರಿದಾಗ ಫೋನಿಗೆ ಸಿಗ್ನಲ್ ಸಿಕ್ಕಿತು. ಜಯಮ್ಮನಿಗೆ ಮಾಡಿದೆ. ಈ ಬಗ್ಗೆ ಒಂದಕ್ಷರ ಹೇಳಲಿಲ್ಲ; ಕೋಳಿಗಳು ಹೇಗಿವೆ ಎಂದೆ.

“ಕೋಳಿಗೇನು, ತಿನ್ಕಂಡು ಕೊಬ್ಬವೆ. ಅಲ್ಲ ಕಣವ್ವ, ಬ್ಯಾರನ್ನ ಯಾರಿಗಾದ್ರೂ ಬುಟ್ಕೊಟ್ರೆ ನನ್ಗೊಂದು ಮಾತು ಯೋಳ್ಬಾರ್ದಾ? ಇನ್ನೂ ಸಸಿ ನಾಟಿನೇ ಮುಗ್ದಿಲ್ಲ, ಇವತ್ತು ಮಧ್ಯಾನ್ದಲ್ಲಿ ಸೊಪ್ಪು ಬೇಯೋ ವಾಸ್ನೆ! ಒಣಾಕಿದ್ದ ನನ್ನ ಸೀರೆಗೆಲ್ಲ ಹಿಡ್ಕಂಬುಟ್ಟದೆ, ತಿರ್ಗ ಜಾಲಾಡಿದ್ರೂ ಓಗ್ನಿಲ್ಲ.”